ಅಂಚೆಯಲ್ಲಿ ಬಂದ ಪರೀಕ್ಷೆ: ದೊಡ್ಡ ಕರುಳಿನ ಕ್ಯಾನ್ಸರ್ ಮತ್ತು ಜನರ ಹಿಂಜರಿಕೆ

ಕ್ಯಾನ್ಸರನ್ನು ಅದರ ಲಕ್ಷಣಗಳು ಕಾಣಿಸಿಕೊಳ್ಳುವ ಮೊದಲೇ ಹುಡುಕಿ ಹಿಡಿಯುವುದು ಒಳ್ಳೆಯದೇ ಎಂದು ಕೇಳಿದರೆ ಅಲ್ಲವೆನ್ನುವವರು ವಿರಳ. ಅಮೆರಿಕದ ವಯಸ್ಕರನ್ನು ದೂರವಾಣಿಯಲ್ಲಿ ಪ್ರಶ್ನಿಸಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ನೂರಕ್ಕೆ 87 ಮಂದಿ, ಕ್ಯಾನ್ಸರ್ ತಪಾಸಣೆ ಬಹುಮಟ್ಟಿಗೆ ಯಾವಾಗಲೂ ಒಳ್ಳೆಯದೇ ಎಂದಿದ್ದರು. ಆಮೇಲೆ ಬ್ರಿಟನ್ನಿನಲ್ಲಿ ನಡೆದ ಇಂಥದೇ ಸಮೀಕ್ಷೆಯಲ್ಲೂ ಉತ್ತರ ಹೆಚ್ಚುಕಡಿಮೆ ಹಾಗೆಯೇ ಬಂದಿತು. ಆದರೆ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯು 2006ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ತಪಾಸಣೆಯನ್ನು ಆರಂಭಿಸಿ, ಬೇಕಾದ ಸಾಮಗ್ರಿಯನ್ನೆಲ್ಲ ಉಚಿತವಾಗಿ ಮನೆಗೇ ಅಂಚೆಯಲ್ಲಿ ಕಳಿಸಿದಾಗ, ಅದನ್ನು ಬಳಸಿ ಹಿಂದಿರುಗಿಸಿದವರು ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಮಾತ್ರ. ಆಸ್ಪತ್ರೆಗೆ ಹೋಗಬೇಕಾಗಿರಲಿಲ್ಲ, ಸೂಜಿ ಚುಚ್ಚಿಸಿಕೊಳ್ಳಬೇಕಾಗಿರಲಿಲ್ಲ, ಅಂಚೆಯ ಖರ್ಚನ್ನೂ ಸರ್ಕಾರವೇ ಕೊಟ್ಟಿತ್ತು. ಆದರೂ ಒಪ್ಪಿಗೆಗೂ ಆಚರಣೆಗೂ ನಡುವೆ ಇಷ್ಟು ದೊಡ್ಡ ಅಂತರ ಉಳಿದದ್ದು ಏಕೆ ಎಂಬ ಪ್ರಶ್ನೆ ಎರಡು ದಶಕಗಳಿಂದ ವೈದ್ಯರನ್ನೂ ಮನೋವಿಜ್ಞಾನಿಗಳನ್ನೂ ಕಾಡಿದೆ. ಅವರು ಕಂಡುಕೊಂಡ ಉತ್ತರಗಳಲ್ಲಿ ಜನರ ಅಜ್ಞಾನಕ್ಕೆ ಸಿಗುವ ಪಾಲು, ಅಧಿಕಾರಿಗಳು ಮೊದಲು ಎಣಿಸಿದ್ದಕ್ಕಿಂತ ಬಹಳ ಕಡಿಮೆ.

ಇಲ್ಲಿ ತಪಾಸಣೆ ಎಂದರೆ ಕಾಯಿಲೆಯ ಸುಳಿವೇ ಇಲ್ಲದ ಆರೋಗ್ಯವಂತರನ್ನು ಒಂದು ವಯಸ್ಸಿನ ನಂತರ ಸಾಲಾಗಿ ಪರೀಕ್ಷಿಸುವುದು. ನೋವು, ರಕ್ತಸ್ರಾವ ಮುಂತಾದ ತೊಂದರೆಯಿಂದ ಬಂದವರನ್ನು ಪರೀಕ್ಷಿಸುವುದು ರೋಗನಿದಾನ, ಅದರ ಲೆಕ್ಕ ಬೇರೆ. ಎಲ್ಲ ಕ್ಯಾನ್ಸರುಗಳೂ ತಪಾಸಣೆಗೆ ಒಗ್ಗುವುದಿಲ್ಲ, ಆದರೆ ದೊಡ್ಡ ಕರುಳಿನ ಮತ್ತು ಅದರ ಕೊನೆಯ ಭಾಗವಾದ ಗುದನಾಳದ ಕ್ಯಾನ್ಸರು ಚೆನ್ನಾಗಿಯೇ ಒಗ್ಗುತ್ತದೆ. ಕರುಳಿನ ಒಳಪದರದ ಮೇಲೆ ಏಳುವ ಸಣ್ಣ ಗಂಟನ್ನು ಪಾಲಿಪ್ ಎನ್ನುತ್ತಾರೆ. ಬಹುಪಾಲು ಪಾಲಿಪ್‌ಗಳು ಜೀವಮಾನವಿಡೀ ನಿರುಪದ್ರವಿಗಳಾಗಿಯೇ ಇದ್ದುಬಿಡುತ್ತವೆ. ಕೆಲವು ಮಾತ್ರ ನಿಧಾನವಾಗಿ ಬೆಳೆದು ಕ್ಯಾನ್ಸರಾಗಿ ಮಾರ್ಪಡುತ್ತವೆ. ಈ ಮಾರ್ಪಾಟು ಒಂದೇ ಏಟಿಗೆ ಆಗುವುದಲ್ಲ, ಎಪಿಸಿ, ಕೆರಾಸ್, ಪಿ53 ಮೊದಲಾದ ಜೀನುಗಳಲ್ಲಿ ಒಂದಾದ ಮೇಲೊಂದು ಕೆಡುಕು ಸೇರುತ್ತ ಹಂತಹಂತವಾಗಿ ಆಗುವುದು ಎಂಬ ಚಿತ್ರವನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಎರಿಕ್ ಫಿಯರಾನ್ ಮತ್ತು ಬರ್ಟ್ ವೋಗಲ್‌ಸ್ಟೈನ್ 1990ರಲ್ಲಿ ಮುಂದಿಟ್ಟರು. ಇಷ್ಟಾಗಲು ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಬೇಕು. ಈ ಅವಧಿಯಲ್ಲಿ ಪಾಲಿಪ್ ಕಣ್ಣಿಗೆ ಬಿದ್ದರೆ ಅದನ್ನು ಅಲ್ಲೇ ತೆಗೆದುಹಾಕಿ ಕ್ಯಾನ್ಸರು ಹುಟ್ಟುವುದನ್ನೇ ತಪ್ಪಿಸಬಹುದು. ಕ್ಯಾನ್ಸರು ಹುಟ್ಟಿಬಿಟ್ಟಿದ್ದರೂ ಮೊದಲ ಹಂತದಲ್ಲಿ ಸಿಕ್ಕರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ, ಯಕೃತ್ತಿಗೋ ಶ್ವಾಸಕೋಶಕ್ಕೋ ಹರಡಿದ ಮೇಲೆ ಸಿಕ್ಕರೆ ದಾಟುವವರು ಹತ್ತರ ಆಸುಪಾಸು. ಬ್ರಿಟನ್ನಿನಲ್ಲಿ ವರ್ಷಕ್ಕೆ 40,000ಕ್ಕೂ ಹೆಚ್ಚು ಜನರಿಗೆ ಬರುವ, ಕ್ಯಾನ್ಸರ್ ಸಾವುಗಳ ಪೈಕಿ ಶ್ವಾಸಕೋಶದ ಕ್ಯಾನ್ಸರಿನ ನಂತರದ ಸ್ಥಾನದಲ್ಲಿರುವ ಈ ಕಾಯಿಲೆಯಲ್ಲಿ ಬೇಗ ತಿಳಿಯುವುದಕ್ಕೂ ತಡವಾಗಿ ತಿಳಿಯುವುದಕ್ಕೂ ಇರುವ ವ್ಯತ್ಯಾಸ ಹೀಗೆ ಬದುಕು ಸಾವುಗಳದ್ದೇ ಆಗಿದೆ.

ಬೆಳೆಯುತ್ತಿರುವ ಗಂಟು ಆಗಾಗ ಒಸರುವ ರಕ್ತ ಕಣ್ಣಿಗೆ ಕಾಣದಷ್ಟು ಕಡಿಮೆ ಇರುತ್ತದೆ, ಆದರೆ ಮಲದಲ್ಲಿ ಬೆರೆತಿರುತ್ತದೆ. ಅದನ್ನು ಪತ್ತೆಹಚ್ಚುವ ಹಳೆಯ ವಿಧಾನಕ್ಕೆ ಆಧಾರ ಕೆರಿಬಿಯನ್ ಪ್ರದೇಶದ ಗ್ವಾಯಕಮ್ ಎಂಬ ಮರದ ರಾಳ. ಈ ರಾಳ ಸವರಿದ ಕಾಗದಕ್ಕೆ ಮಲದ ಮಾದರಿಯನ್ನು ಹಚ್ಚಿ ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದರೆ, ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಅಂಶವು ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸಿ ಕಾಗದವನ್ನು ನೀಲಿಯಾಗಿಸುತ್ತದೆ. ಪರೀಕ್ಷೆ ಅಗ್ಗ, ಆದರೆ ಒರಟು; ತಿಂದ ಮಾಂಸದಲ್ಲಿದ್ದ ರಕ್ತವನ್ನೂ ಅದು ರೋಗಿಯದೆಂದೇ ತಿಳಿದೀತು. ಹಾಗಿದ್ದರೂ ಅದು ಜೀವ ಉಳಿಸುತ್ತದೆ ಎಂಬುದಕ್ಕೆ ಗಟ್ಟಿಯಾದ ಪುರಾವೆಗಳಿವೆ. ಅಮೆರಿಕದ ಮಿನೆಸೋಟದಲ್ಲಿ ನಡೆದು 1993ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ರತಿವರ್ಷ ಪರೀಕ್ಷಿಸಿಕೊಂಡವರ ಗುಂಪಿನಲ್ಲಿ ಈ ಕ್ಯಾನ್ಸರಿನಿಂದಾದ ಸಾವು ಮೂರನೇ ಒಂದು ಭಾಗದಷ್ಟು ಇಳಿಯಿತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಒಂದೂವರೆ ಲಕ್ಷ ಜನರ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡು ವರ್ಷಕ್ಕೊಮ್ಮೆ ಪರೀಕ್ಷೆಗೆ ಆಹ್ವಾನಿಸಿದ ಗುಂಪಿನಲ್ಲಿ ಸಾವು ನೂರಕ್ಕೆ 15ರಷ್ಟು ಇಳಿಯಿತು, ಆ ಗುಂಪಿನಲ್ಲಿ ಪರೀಕ್ಷೆಯನ್ನು ಒಮ್ಮೆಯೂ ಮಾಡಿಕೊಳ್ಳದವರು ಅನೇಕರಿದ್ದರೂ.

ಆ ಪರೀಕ್ಷೆ ಮನೆಯಲ್ಲಿ ಏನನ್ನು ಕೇಳುತ್ತಿತ್ತು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ಮುಂದಿನ ಚರ್ಚೆಯೆಲ್ಲ ಅದರ ಸುತ್ತಲೇ ತಿರುಗುತ್ತದೆ. ಲಕೋಟೆಯೊಳಗೆ ಆರು ಪುಟ್ಟ ಕಿಟಕಿಗಳಿರುವ ಒಂದು ರಟ್ಟಿನ ಕಾರ್ಡು, ಆರು ರಟ್ಟಿನ ಕಡ್ಡಿಗಳು ಬರುತ್ತಿದ್ದವು. ಮಲವು ನೀರಿಗೆ ಬೀಳುವ ಮೊದಲೇ ಅದನ್ನು ಯಾವುದಾದರೊಂದು ಡಬ್ಬಿಯಲ್ಲೋ ಕಾಗದದ ಮೇಲೋ ಹಿಡಿದುಕೊಂಡು, ಅದರ ಎರಡು ಜಾಗಗಳಿಂದ ಕಡ್ಡಿಯಲ್ಲಿ ಕೆದಕಿ ತೆಗೆದು, ಎರಡು ಕಿಟಕಿಗಳೊಳಗೆ ಸವರಿ ಮುಚ್ಚಬೇಕು. ಇದನ್ನು ಬೇರೆ ಬೇರೆ ಮೂರು ಸಲ ಮಾಡಬೇಕು, ನಡುವಿನ ದಿನಗಳಲ್ಲಿ ಅರ್ಧ ತುಂಬಿದ ಕಾರ್ಡನ್ನು ಮನೆಯಲ್ಲೇ ಎಲ್ಲಾದರೂ ಇಟ್ಟುಕೊಳ್ಳಬೇಕು, ಕೊನೆಗೆ ಅದನ್ನು ಊರಿನ ಅಂಚೆಪೆಟ್ಟಿಗೆಗೆ ಹಾಕಬೇಕು. ಹುಟ್ಟಿದಂದಿನಿಂದ ಮಲವನ್ನು ಮುಟ್ಟಬಾರದು, ನೋಡಬಾರದು, ಅದರ ಮಾತನ್ನು ನಾಲ್ಕು ಜನರ ನಡುವೆ ಆಡಬಾರದು ಎಂದು ಕಲಿತ ಅರವತ್ತು ವರ್ಷದ ವ್ಯಕ್ತಿಯಿಂದ ಒಂದು ಪತ್ರ ಇಷ್ಟನ್ನೆಲ್ಲ ಅಪೇಕ್ಷಿಸುತ್ತಿತ್ತು. ಅರ್ಧದಷ್ಟು ಜನ ಮಾಡಲಿಲ್ಲವೆಂಬುದಕ್ಕಿಂತ ಅರ್ಧದಷ್ಟು ಜನ ಮಾಡಿದರೆಂಬುದೇ ಆಶ್ಚರ್ಯಕ್ಕೆ ಹೆಚ್ಚು ಅರ್ಹವಾದ ಸಂಗತಿ.

ಇಂಗ್ಲೆಂಡಿನ ಕಾರ್ಯಕ್ರಮದ ಮೊದಲ 26 ಲಕ್ಷ ಆಹ್ವಾನಗಳನ್ನು ಲೆಕ್ಕ ಹಾಕಿದಾಗ ಸರಾಸರಿ ನೂರಕ್ಕೆ 54 ಮಂದಿ ಕಾರ್ಡು ಹಿಂದಿರುಗಿಸಿದ್ದರು. ಆದರೆ ಸರಾಸರಿ ಎಂಬುದು ಬಹಳಷ್ಟನ್ನು ಮುಚ್ಚಿಡುತ್ತದೆ. ಅತ್ಯಂತ ಅನುಕೂಲಸ್ಥ ಪ್ರದೇಶಗಳಲ್ಲಿ ಹಿಂದಿರುಗಿಸಿದವರು ನೂರಕ್ಕೆ 61, ಅತ್ಯಂತ ಬಡ ಪ್ರದೇಶಗಳಲ್ಲಿ 35. ಪರೀಕ್ಷೆ ಉಚಿತ, ಕಾರ್ಡು ಒಂದೇ, ಅಂಚೆಯೂ ಒಂದೇ ಆಗಿದ್ದರೂ ಶ್ರೀಮಂತ ಬಡ ಬೀದಿಗಳ ನಡುವೆ ಇಷ್ಟು ಕಂದರ ಏರ್ಪಟ್ಟದ್ದನ್ನು ಹಣದ ಕೊರತೆಯಿಂದ ಮಾತ್ರ ವಿವರಿಸಲಾಗದು. ಹೆಂಗಸರಲ್ಲಿ 56, ಗಂಡಸರಲ್ಲಿ 51 ಎಂಬ ಇನ್ನೊಂದು ವ್ಯತ್ಯಾಸವೂ ಇತ್ತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಮನೋವಿಜ್ಞಾನಿ ಜೇನ್ ವಾರ್ಡಲ್ ಮತ್ತು ಅವರ ಸಹೋದ್ಯೋಗಿಗಳು ಈ ಹಿಂಜರಿಕೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಕಾರ್ಡು ಹಿಂದಿರುಗಿಸದವರನ್ನು ಮಾತನಾಡಿಸಿದ ಅನೇಕ ಅಧ್ಯಯನಗಳಲ್ಲಿ ಕೇಳಿಬರುವ ಕಾರಣಗಳನ್ನು ಒಟ್ಟಾಗಿ ನೋಡಿದರೆ ಅಸಹ್ಯ ಮತ್ತು ನಾಚಿಕೆ ಮೇಲುಸ್ತರದಲ್ಲಿ ಕಾಣುತ್ತವೆ, ಕೆಳಗೆ ಬೇರೆ ಪದರಗಳಿವೆ. ಮೈಯಲ್ಲಿ ತೊಂದರೆಯೇ ಇಲ್ಲದಿರುವಾಗ ಪರೀಕ್ಷೆ ಏಕೆ ಎಂಬುದು ಒಂದು. ಇದು ತಪಾಸಣೆಯ ಅರ್ಥವನ್ನೇ ತಿರುಗುಮುರುಗು ಮಾಡುವ ತರ್ಕವಾದರೂ, ಕಾಯಿಲೆ ಬಂದಾಗ ವೈದ್ಯರ ಬಳಿಗೆ ಹೋಗುವುದೇ ರೂಢಿಯಾಗಿರುವವರಿಗೆ ಸಹಜವಾದದ್ದೇ. ಇದ್ದರೆ ಇರಲಿ, ತಿಳಿಯದಿರುವುದೇ ಲೇಸು ಎಂಬ ಭಯ ಇನ್ನೊಂದು. ಮೂರನೆಯದು, ಕ್ಯಾನ್ಸರ್ ಬಂದರೆ ಸಾವೇ ಗತಿ, ಬೇಗ ತಿಳಿದರೂ ತಡವಾಗಿ ತಿಳಿದರೂ ಹಣೆಬರಹ ತಪ್ಪದು ಎಂಬ ನಂಬಿಕೆ. ಸಂಶೋಧಕರು ಇದಕ್ಕೆ ಕ್ಯಾನ್ಸರ್ ವಿಧಿವಾದವೆನ್ನುತ್ತಾರೆ. ಈ ವಿಧಿವಾದ ಬಡವರಲ್ಲಿ ಹೆಚ್ಚು ಎಂಬುದನ್ನು ಕಂಡು ಅದನ್ನು ತಿಳಿವಳಿಕೆಯ ಕೊರತೆಯೆಂದು ಬರೆದಿಡುವುದು ಸುಲಭ. ಆದರೆ ತಡವಾಗಿ ಆಸ್ಪತ್ರೆ ಸೇರಿ ಬೇಗ ತೀರಿಕೊಂಡ ನೆಂಟರನ್ನೂ ನೆರೆಯವರನ್ನೂ ಕಂಡು ಬೆಳೆದವರಿಗೆ ಕ್ಯಾನ್ಸರಿನಿಂದ ಯಾರೂ ಉಳಿಯುವುದಿಲ್ಲ ಎನ್ನಿಸಿದರೆ ಅದು ಮೂಢನಂಬಿಕೆಯಲ್ಲ, ಅವರ ಬೀದಿಯ ಮಟ್ಟಿಗೆ ನಿಜವೇ ಆದ ಅನುಭವ. ಅವರ ಅನುಭವವೇ ಅವರನ್ನು ಪರೀಕ್ಷೆಯಿಂದ ದೂರವಿಡುತ್ತದೆ, ದೂರವಿದ್ದುದರ ಫಲ ಮುಂದಿನ ತಲೆಮಾರಿನ ಅನುಭವವಾಗುತ್ತದೆ.

ಹಿಂಜರಿಕೆಗೆ ಕಾರಣ ತಿಳಿದ ಮೇಲೆ ಮನವೊಲಿಸುವ ಪ್ರಯತ್ನ ಆರಂಭವಾಯಿತು. ವಾರ್ಡಲ್ ತಂಡದ ದೊಡ್ಡ ಪ್ರಯೋಗಮಾಲೆಯೊಂದರಲ್ಲಿ ನಾಲ್ಕು ಉಪಾಯಗಳನ್ನು ಲಕ್ಷಾಂತರ ಜನರ ಮೇಲೆ ಪರೀಕ್ಷಿಸಿ ನೋಡಲಾಯಿತು: ವಿಷಯವನ್ನು ಸರಳವಾಗಿ ಸಂಗ್ರಹಿಸಿದ ಕರಪತ್ರ, ಪರೀಕ್ಷೆ ಮಾಡಿಕೊಂಡವರ ಕಥೆಗಳಿರುವ ಕರಪತ್ರ, ಕುಟುಂಬ ವೈದ್ಯರ ಚಿಕಿತ್ಸಾಲಯದ ಹೆಸರಿನಲ್ಲಿ ಒಂದು ಶಿಫಾರಸಿನ ಸಾಲು, ಮತ್ತು ಒತ್ತಿ ಹೇಳುವ ನೆನಪೋಲೆ. ವಾರ್ಡಲ್ ತೀರಿಕೊಂಡ ಕೆಲವೇ ತಿಂಗಳಿಗೆ, 2016ರಲ್ಲಿ ಹೊರಬಂದ ಫಲಿತಾಂಶ ಆಶಾದಾಯಕವೆಂದು ಹೇಳಲು ಧೈರ್ಯ ಬೇಕು. ಎರಡು ಕರಪತ್ರಗಳಿಂದ ಬಡ ಶ್ರೀಮಂತ ಪ್ರದೇಶಗಳ ಅಂತರ ಕರಗಲಿಲ್ಲ. ವೈದ್ಯರ ಶಿಫಾರಸಿನಿಂದ ಒಟ್ಟು ಸಂಖ್ಯೆ ನೂರಕ್ಕೆ ಒಂದರ ಆಸುಪಾಸಿನಷ್ಟು ಏರಿತು. ನೆನಪೋಲೆ ಮಾತ್ರ ಬಡ ಪ್ರದೇಶಗಳಲ್ಲಿ ತುಸು ಹೆಚ್ಚು ನಾಟಿತು. ಇವು ಖರ್ಚಿಲ್ಲದ ಉಪಾಯಗಳಾದ್ದರಿಂದ ಸಣ್ಣ ಲಾಭವೂ ಲಾಭವೇ, ಆದರೆ ಮಾತಿನಿಂದ ಮನಸ್ಸು ತಿರುಗಿಸುವ ಕೆಲಸಕ್ಕೆ ಎಂಥ ಮಿತಿಯಿದೆ ಎಂಬುದು ಇದಕ್ಕಿಂತ ಸ್ಪಷ್ಟವಾಗಿ ಕಾಣಿಸಿದ್ದು ಕಡಿಮೆ.

ಇದೇ ಹೊತ್ತಿಗೆ ಪರೀಕ್ಷೆಯೇ ಬದಲಾಗುತ್ತಿತ್ತು. ಫಿಟ್ ಎಂದು ಕರೆಯುವ ಹೊಸ ಪರೀಕ್ಷೆಯಲ್ಲಿ ರಾಳದ ಬದಲು ಪ್ರತಿಕಾಯಗಳಿವೆ, ಅಂದರೆ ಒಂದು ನಿರ್ದಿಷ್ಟ ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ಅಣುಗಳಿವೆ. ಮನುಷ್ಯರ ಹಿಮೋಗ್ಲೋಬಿನ್ನಿನ ಗ್ಲೋಬಿನ್ ಭಾಗವನ್ನು ಮಾತ್ರ ಅವು ಗುರುತಿಸುವುದರಿಂದ ಊಟದ ಮಾಂಸದಿಂದ ಗೊಂದಲವಾಗದು, ರಕ್ತದ ಪ್ರಮಾಣವನ್ನೂ ಯಂತ್ರವೇ ಅಳೆದು ಹೇಳುತ್ತದೆ. ವಿಜ್ಞಾನಿಗಳಿಗೆ ಮುಖ್ಯವಾಗಿದ್ದುದು ಈ ನಿಖರತೆ. ಜನರಿಗೆ ಮುಖ್ಯವಾದದ್ದು ಬೇರೆ. ಮೂರು ಸಲ ಆರು ಮಾದರಿಗಳ ಬದಲು ಇಲ್ಲಿ ಒಂದೇ ಸಲ ಒಂದೇ ಮಾದರಿ ಸಾಕು, ಮತ್ತು ಕಡ್ಡಿಯು ಮುಚ್ಚಳಕ್ಕೇ ಅಂಟಿಕೊಂಡಿರುವುದರಿಂದ ಅದನ್ನು ಮಲಕ್ಕೆ ತಾಗಿಸಿ ಪುಟ್ಟ ಸೀಸೆಯೊಳಗೆ ತಿರುಗಿಸಿ ಮುಚ್ಚಿದರೆ ಕೆಲಸ ಮುಗಿಯಿತು. 2014ರಲ್ಲಿ ಇಂಗ್ಲೆಂಡಿನ ಎರಡು ಕೇಂದ್ರಗಳು ಆಹ್ವಾನಿತರಲ್ಲಿ ಒಂದು ಪಾಲಿಗೆ ಇದನ್ನು ಕಳಿಸಿ ನೋಡಿದಾಗ, ಹಳೆಯ ಕಾರ್ಡನ್ನು ನೂರಕ್ಕೆ 59 ಮಂದಿ ಹಿಂದಿರುಗಿಸಿದ್ದರೆ ಹೊಸದನ್ನು 66 ಮಂದಿ ಹಿಂದಿರುಗಿಸಿದರು. ಇನ್ನೂ ಮಹತ್ವದ ಸಂಗತಿಯೆಂದರೆ, ಹಿಂದಿನ ಆಹ್ವಾನಗಳಿಗೆ ಸ್ಪಂದಿಸದೆ ಉಳಿದಿದ್ದವರಲ್ಲಿ ಹಿಂದಿರುಗಿಸುವವರ ಪ್ರಮಾಣ 12ರಿಂದ 24ಕ್ಕೆ, ಅಂದರೆ ಎರಡರಷ್ಟಕ್ಕೆ ಏರಿತು. ನಂಬಿಕೆಯ ಕಾರಣದಿಂದ, ಭಯದ ಕಾರಣದಿಂದ, ವಿಧಿವಾದದಿಂದ ಒಲ್ಲೆನೆಂದವರೆಂದು ಪಟ್ಟಿಯಲ್ಲಿದ್ದ ಅನೇಕರಿಗೆ ನಿಜವಾಗಿ ಅಡ್ಡಿಯಾಗಿದ್ದುದು ಆ ಆರು ಕಡ್ಡಿಗಳು. ಸ್ಕಾಟ್ಲೆಂಡ್ 2017ರಲ್ಲಿ, ಇಂಗ್ಲೆಂಡ್ 2019ರಲ್ಲಿ ಹೊಸ ಪರೀಕ್ಷೆಗೆ ಹೊರಳಿದವು.

ಮನೋಭಾವ ಎಂಬುದು ವ್ಯಕ್ತಿಯೊಳಗೆ ಮೊದಲೇ ಸಿದ್ಧವಾಗಿ ಕೂತಿರುವ, ಪ್ರಶ್ನಾವಳಿಯಿಂದ ಅಳೆಯಬಹುದಾದ ಸ್ಥಿರ ವಸ್ತು ಎಂಬ ಕಲ್ಪನೆಗೆ ಈ ಏರಿಕೆ ಪೆಟ್ಟು ಕೊಡುತ್ತದೆ. ಪರೀಕ್ಷೆಯ ರೂಪದೊಂದಿಗೆ ಮನೋಭಾವವೂ ಬದಲಾಗುವುದು ಕೊಲೊನೋಸ್ಕೋಪಿಯ ಜಾತಿಗೆ ಸೇರಿದ ಪರೀಕ್ಷೆಗಳಲ್ಲಿ ಇನ್ನೊಂದು ಬಗೆಯಲ್ಲಿ ಕಾಣುತ್ತದೆ. ತುದಿಯಲ್ಲಿ ಕ್ಯಾಮರಾ ಇರುವ ಬಳುಕುವ ಕೊಳವೆಯನ್ನು ಗುದದ್ವಾರದ ಮೂಲಕ ತೂರಿಸಿ ದೊಡ್ಡ ಕರುಳನ್ನೆಲ್ಲ ನೋಡುವುದು ಕೊಲೊನೋಸ್ಕೋಪಿ. ಕರುಳಿನ ಕೊನೆಯ ಭಾಗವನ್ನಷ್ಟೇ ನೋಡುವುದು ಸಿಗ್ಮಾಯಿಡೋಸ್ಕೋಪಿ. ಇಂಗ್ಲೆಂಡ್ 2013ರಿಂದ 55 ವರ್ಷ ತುಂಬಿದವರನ್ನು ಒಂದೇ ಸಲದ ಸಿಗ್ಮಾಯಿಡೋಸ್ಕೋಪಿಗೆ ಆಹ್ವಾನಿಸಿದಾಗ ಬಂದವರು ನೂರಕ್ಕೆ 43, ಮತ್ತು ಇಲ್ಲಿ ಹೆಂಗಸರು ಗಂಡಸರಿಗಿಂತ ಹಿಂದುಳಿದರು. ಮನೆಯ ಬಚ್ಚಲಲ್ಲಿ ಒಬ್ಬರೇ ಮಾಡುವ ಪರೀಕ್ಷೆಯಲ್ಲಿ ಮುಂದಿದ್ದ ಹೆಂಗಸರು, ಅಪರಿಚಿತರ ಮುಂದೆ ಮೈಯೊಡ್ಡಬೇಕಾದ ಪರೀಕ್ಷೆಯಲ್ಲಿ ಹಿಂದೆ ಸರಿದರು. ಪರೀಕ್ಷಿಸುವವರು ಹೆಣ್ಣೇ ಆಗಿರಬೇಕೆಂದು ಬಯಸುವವರು ಅವರಲ್ಲಿ ಬಹಳ. ಕೋವಿಡ್ ಕಾಲದಲ್ಲಿ ನಿಂತ ಆ ಕಾರ್ಯಕ್ರಮವನ್ನು ಮತ್ತೆ ಆರಂಭಿಸಲಿಲ್ಲ.

ಜನರ ನಡತೆ ವಿಜ್ಞಾನದ ಫಲಿತಾಂಶದೊಳಕ್ಕೇ ಹೇಗೆ ನುಸುಳುತ್ತದೆ ಎಂಬುದಕ್ಕೆ 2022ರ ನಾರ್ಡಿಕ್ ಪ್ರಯೋಗ ಒಳ್ಳೆಯ ನಿದರ್ಶನ. ಪೋಲೆಂಡ್, ನಾರ್ವೆ, ಸ್ವೀಡನ್‌ಗಳ ಸುಮಾರು 85,000 ಮಂದಿಯಲ್ಲಿ ಒಂದು ಪಾಲನ್ನು ಕೊಲೊನೋಸ್ಕೋಪಿಗೆ ಆಹ್ವಾನಿಸಿ ಹತ್ತು ವರ್ಷ ಕಾದು ನೋಡಿದಾಗ, ಕ್ಯಾನ್ಸರ್ ಬರುವ ಸಂಭವ ನೂರಕ್ಕೆ 18ರಷ್ಟು ಮಾತ್ರ ಇಳಿದಿತ್ತು, ಸಾವಿನಲ್ಲಿ ಖಚಿತವಾಗಿ ಹೇಳಬಹುದಾದ ವ್ಯತ್ಯಾಸ ಕಾಣಲಿಲ್ಲ. ಕೊಲೊನೋಸ್ಕೋಪಿಯಿಂದ ಪ್ರಯೋಜನವಿಲ್ಲವೆಂಬ ಅರ್ಥ ಬರುವ ಸುದ್ದಿಗಳು ಹಬ್ಬಿದವು. ಆದರೆ ಆಹ್ವಾನಿತರಲ್ಲಿ ನಿಜವಾಗಿ ಪರೀಕ್ಷೆಗೆ ಬಂದವರು ನೂರಕ್ಕೆ 42 ಮಾತ್ರ. ನಾರ್ವೆಯಲ್ಲಿ 60ರಷ್ಟಿದ್ದರೆ ಪೋಲೆಂಡಿನಲ್ಲಿ 33. ಪ್ರಯೋಗ ಅಳೆದದ್ದು ಕೊಳವೆಯ ಸಾಮರ್ಥ್ಯವನ್ನಷ್ಟೇ ಅಲ್ಲ, ಆಹ್ವಾನದ ಸಾಮರ್ಥ್ಯವನ್ನೂ ಕೂಡ. ಎರಡೂ ಬೇಕಾದ ಅಳತೆಗಳೇ, ಆದರೆ ಒಂದನ್ನು ಇನ್ನೊಂದೆಂದು ಓದಬಾರದು.

ಪ್ರಸಿದ್ಧರು ತಮ್ಮ ಕಾಯಿಲೆಯನ್ನೋ ಮನೆಯವರ ಕಾಯಿಲೆಯನ್ನೋ ಬಹಿರಂಗವಾಗಿ ಹೇಳಿಕೊಂಡಾಗ ಹಿಂಜರಿಕೆ ಕೆಲಕಾಲ ಸಡಿಲವಾಗುತ್ತದೆ. ಅಮೆರಿಕದ ಟಿವಿ ನಿರೂಪಕಿ ಕೇಟಿ ಕೌರಿಕ್, 42ರ ವಯಸ್ಸಿನಲ್ಲಿ ಪತಿ ಈ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ, 2000ದ ಮಾರ್ಚ್‌ನಲ್ಲಿ ತಮ್ಮ ಕೊಲೊನೋಸ್ಕೋಪಿಯನ್ನು ಟಿವಿಯಲ್ಲೇ ತೋರಿಸಿದರು. ನಂತರದ ತಿಂಗಳುಗಳಲ್ಲಿ ಒಬ್ಬೊಬ್ಬ ತಜ್ಞರು ತಿಂಗಳಿಗೆ ಮಾಡುವ ಕೊಲೊನೋಸ್ಕೋಪಿಗಳ ಸರಾಸರಿ 15ರಿಂದ 18ಕ್ಕೆ ಏರಿದ್ದನ್ನು ಸಂಶೋಧಕರು ಗುರುತಿಸಿದರು. ಬ್ರಿಟನ್ನಿನಲ್ಲಿ ಶಾಲೆಯೊಂದರ ಉಪಮುಖ್ಯೋಪಾಧ್ಯಾಯಿನಿಯಾಗಿದ್ದ ಡೆಬೊರಾ ಜೇಮ್ಸ್, 35ನೇ ವಯಸ್ಸಿನಲ್ಲಿ ರೋಗ ಪತ್ತೆಯಾದ ಮೇಲೆ ಪತ್ರಿಕೆ ಮತ್ತು ಪಾಡ್‌ಕಾಸ್ಟ್‌ಗಳಲ್ಲಿ ಮಲದ ಮಾತನ್ನು ನಗುನಗುತ್ತಲೇ ಆಡಿ ಮನೆಮಾತಾದರು. 2022ರ ಜೂನಿನಲ್ಲಿ ಅವರು ತೀರಿಕೊಂಡ ಆಸುಪಾಸಿನ ತಿಂಗಳುಗಳಲ್ಲಿ ಕರುಳಿನ ಕ್ಯಾನ್ಸರಿನ ಶಂಕೆಯಿಂದ ತಜ್ಞರ ಬಳಿಗೆ ಕಳಿಸಲ್ಪಟ್ಟವರ ಸಂಖ್ಯೆ ಹಿಂದೆಂದೂ ಇಲ್ಲದಷ್ಟಾಯಿತು. ಆದರೆ ಅವರ ವಯಸ್ಸಿನವರಿಗೆ ತಪಾಸಣೆಯ ಆಹ್ವಾನವೇ ಬರುವುದಿಲ್ಲ. ಅವರ ಸಂದೇಶ ಲಕ್ಷಣಗಳನ್ನು ಅಲಕ್ಷಿಸಬೇಡಿ ಎಂಬುದಾಗಿತ್ತು. ಲಕ್ಷಣ ಇರುವವರಿಗೆ ಹೇಳಿದ ಮಾತನ್ನೂ ಲಕ್ಷಣ ಇಲ್ಲದವರಿಗೆ ಹೇಳಬೇಕಾದ ಮಾತನ್ನೂ ಜನ ಬೆರೆಸಿಕೊಂಡರೆ, ರಕ್ತ ಕಂಡಿಲ್ಲವಲ್ಲ ಎಂದು ಅಂಚೆಯ ಲಕೋಟೆಯನ್ನು ಬದಿಗಿಡುವ ಹಳೆಯ ತರ್ಕಕ್ಕೇ ಬಲ ಬಂದೀತು.

ಬ್ರಿಟನ್ನಿನಲ್ಲಿ ನೆಲೆಸಿದ ದಕ್ಷಿಣ ಏಷ್ಯಾ ಮೂಲದವರಲ್ಲಿ ಪರೀಕ್ಷೆ ಮಾಡಿಕೊಳ್ಳುವವರ ಪ್ರಮಾಣ ಕಡಿಮೆಯೆಂಬುದು, ಕಾರ್ಯಕ್ರಮಕ್ಕೆ ಮುನ್ನ ಕೊವೆಂಟ್ರಿ ಮತ್ತು ವಾರಿಕ್‌ಶೈರ್‌ಗಳಲ್ಲಿ ನಡೆದ ಪ್ರಾಯೋಗಿಕ ಹಂತದಲ್ಲೇ ಕಂಡಿತ್ತು. ಇದನ್ನು ಸಂಸ್ಕೃತಿಯ ನಾಚಿಕೆಯೆಂದು ಒಂದೇ ಮಾತಿನಲ್ಲಿ ತೀರಿಸಿಬಿಡುವವರಿದ್ದಾರೆ. ಇಂಗ್ಲಿಷಿನ ಸೂಚನೆಗಳನ್ನು ಮಗನೋ ಸೊಸೆಯೋ ಓದಿ ವಿವರಿಸಬೇಕಾದ ಮನೆಯಲ್ಲಿ, ಹಿರಿಯರು ಮಾತನಾಡಲು ಹಿಂಜರಿಯುವ ವಿಷಯವನ್ನು ಕಿರಿಯರ ಬಾಯಿಂದಲೇ ಕೇಳಬೇಕಾದ ಇಕ್ಕಟ್ಟು ಅವರ ಕಣ್ಣಿಗೆ ಬಿದ್ದಂತಿಲ್ಲ. ದಶಕಗಳ ಹಿಂದೆ ವೈದ್ಯರಾಗಿ ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರಿಗೆ ಆ ಇಕ್ಕಟ್ಟು ಇರಲಾರದು. ಮಕ್ಕಳ ಜೊತೆಗಿರಲು ಇಳಿವಯಸ್ಸಿನಲ್ಲಿ ಹೋದ ತಂದೆತಾಯಿಯರ ಮಾತು ಬೇರೆ.

ಒಲ್ಲೆನೆನ್ನುವವರೆಲ್ಲ ತಪ್ಪು ತಿಳಿದವರೇ ಎಂದೂ ಭಾವಿಸಬೇಕಾಗಿಲ್ಲ. ಫಿಟ್ ಪರೀಕ್ಷೆಯಲ್ಲಿ ರಕ್ತ ಕಂಡವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಇರುವುದಿಲ್ಲ, ಆದರೂ ಅವರು ಕರುಳು ತೊಳೆದುಕೊಂಡು ಕೊಲೊನೋಸ್ಕೋಪಿಗೆ ಒಳಗಾಗಬೇಕು, ಅದರಲ್ಲಿ ಅಪರೂಪಕ್ಕೆ ಕರುಳಿಗೆ ತೂತಾಗುವ ಅಪಾಯವೂ ಇದೆ. ಇನ್ನೊಂದೆಡೆ, ರಕ್ತ ಒಸರದೆ ಇದ್ದ ಗಂಟು ಪರೀಕ್ಷೆಯ ಕಣ್ತಪ್ಪಿಸಬಹುದು. ಇದನ್ನೆಲ್ಲ ತೂಗಿ ನೋಡಿ ಬೇಡವೆಂದವರ ನಿರ್ಧಾರವನ್ನು ಗೌರವಿಸುವುದಾಗಿ ಬ್ರಿಟನ್ನಿನ ಆರೋಗ್ಯ ಸೇವೆ ಹೇಳುತ್ತದೆ. ಹಾಗೆ ಹೇಳುತ್ತಲೇ ಹಿಂದಿರುಗಿಸಿದವರ ಶೇಕಡಾವಾರನ್ನು ಯಶಸ್ಸಿನ ಅಳತೆಯನ್ನಾಗಿ ಪ್ರಕಟಿಸುವುದರಲ್ಲಿ ಒಂದು ವಿರೋಧಾಭಾಸವಿದೆ.

ಜನ ಬಾರದಿರುವುದರ ಬಗ್ಗೆಯೇ ಇಷ್ಟೊಂದು ಬರೆದವರು, ಜನ ಬಂದರೆ ಏನಾದೀತು ಎಂಬುದರ ಬಗ್ಗೆ ಬರೆದದ್ದು ಕಡಿಮೆ. ನೆದರ್‌ಲ್ಯಾಂಡ್ಸ್ 2014ರ ಜನವರಿಯಲ್ಲಿ ಫಿಟ್ ಆಧಾರಿತ ತಪಾಸಣೆ ಆರಂಭಿಸಿದಾಗ ನೂರಕ್ಕೆ 60 ಮಂದಿ ಬಂದಾರೆಂದು ಅಂದಾಜಿಸಲಾಗಿತ್ತು, ಬಂದವರು 70ಕ್ಕೂ ಹೆಚ್ಚು. ಕೊಲೊನೋಸ್ಕೋಪಿ ಕೇಂದ್ರಗಳು ತುಂಬಿ ತುಳುಕಿದವು. ಒಂದು ಗ್ರಾಂ ಮಲದಲ್ಲಿ 15 ಮೈಕ್ರೋಗ್ರಾಂ ಹಿಮೋಗ್ಲೋಬಿನ್ ಕಂಡರೆ ಮುಂದಿನ ಪರೀಕ್ಷೆಗೆ ಕರೆಯಬೇಕೆಂದಿದ್ದ ಮಿತಿಯನ್ನು ಆ ವರ್ಷದ ನಡುವಿನಲ್ಲೇ 47ಕ್ಕೆ ಏರಿಸಬೇಕಾಯಿತು. ಇಂಗ್ಲೆಂಡ್ ಆರಂಭದಲ್ಲೇ 120ರ ಮಿತಿಯನ್ನೂ ಸ್ಕಾಟ್ಲೆಂಡ್ 80ರ ಮಿತಿಯನ್ನೂ ಇಟ್ಟುಕೊಂಡದ್ದಕ್ಕೆ ಜೀವಶಾಸ್ತ್ರಕ್ಕಿಂತ ತಜ್ಞರ ಮತ್ತು ಹಾಸಿಗೆಗಳ ಲೆಕ್ಕವೇ ಕಾರಣ.

ಭಾರತದಲ್ಲಿ ಈ ಕ್ಯಾನ್ಸರಿನ ಪ್ರಮಾಣ ಪಾಶ್ಚಾತ್ಯ ದೇಶಗಳಿಗಿಂತ ಬಹಳ ಕಡಿಮೆಯಿರುವುದರಿಂದ, ಸರ್ಕಾರ ಮೂವತ್ತು ದಾಟಿದವರಿಗಾಗಿ ನಡೆಸುವ ತಪಾಸಣೆಯಲ್ಲಿ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳಷ್ಟೇ ಸೇರಿವೆ, ದೊಡ್ಡ ಕರುಳಿನದು ಸೇರಿಲ್ಲ. ಇಲ್ಲಿನ ಸಂಪನ್ಮೂಲಕ್ಕೆ ಅದು ಸರಿಯಾದ ನಿರ್ಧಾರವೇ. ಆದ್ದರಿಂದ ಕರ್ನಾಟಕದ ಮಟ್ಟಿಗೆ ಪ್ರಶ್ನೆ ಅಂಚೆಯ ಲಕೋಟೆಯದಲ್ಲ, ಮಲದಲ್ಲಿ ಕಣ್ಣಿಗೇ ಕಂಡ ರಕ್ತದ್ದು. ಇಲ್ಲಿ ಗುದನಾಳದ ಕ್ಯಾನ್ಸರಿನ ಪಾಲು ಗಣನೀಯವಾಗಿದ್ದು, ಐವತ್ತು ತುಂಬದವರಲ್ಲೂ ಅದು ಕಾಣಿಸಿಕೊಳ್ಳುತ್ತದೆ, ಮತ್ತು ಅದರ ರಕ್ತಸ್ರಾವವನ್ನು ಮೂಲವ್ಯಾಧಿಯೆಂದು ಭಾವಿಸಿ ಔಷಧಿ ಅಂಗಡಿಯ ಮುಲಾಮಿನಲ್ಲೋ ಮನೆಮದ್ದಿನಲ್ಲೋ ತಿಂಗಳುಗಟ್ಟಲೆ ಕಳೆಯುವವರು ಕ್ಯಾನ್ಸರ್ ಆಸ್ಪತ್ರೆಗಳಿಗೆ ಹೊಸಬರಲ್ಲ. ಗುದನಾಳದ ಕೆಳಭಾಗದಲ್ಲಿರುವ ಗಂಟನ್ನು ವೈದ್ಯರು ಕೈಗವಸು ತೊಟ್ಟ ಬೆರಳಿನಿಂದಲೇ ಮುಟ್ಟಿ ತಿಳಿಯಬಹುದು. ಅದಕ್ಕೆ ಬೇಕಾದದ್ದು ಒಂದೆರಡು ನಿಮಿಷ, ಒಂದು ಪರದೆ, ಹೆಣ್ಣು ರೋಗಿಯಾದರೆ ಜೊತೆಗೊಬ್ಬ ದಾದಿ. ಆ ಪರೀಕ್ಷೆ ನಡೆಯದೆ ಮೂಲವ್ಯಾಧಿಯ ಚೀಟಿ ಬರೆದುಕೊಡಲಾಗುವ ಸಂದರ್ಭಗಳಲ್ಲಿ ಸಂಕೋಚವು ಮೇಜಿನ ಎರಡೂ ಬದಿಗಳಲ್ಲಿರುತ್ತದೆ, ಆದರೆ ಈವರೆಗಿನ ಸಮೀಕ್ಷೆಗಳ ಪ್ರಶ್ನಾವಳಿಗಳು ಹೆಚ್ಚಾಗಿ ಹೋಗಿರುವುದು ರೋಗಿಯ ಬದಿಗೆ.